ಮುಂಬೈಯಿಂದ ಜರ್ಮನಿಗೆ ಓ ಪೇರ್ ಆಗಿ: ಎ1 ಪರೀಕ್ಷೆಯಿಂದ ಅಂಚೆಪೆಟ್ಟಿಗೆಯ ಹೆಸರಿನ ತನಕ

"ಅಷ್ಟು ದೂರ ಹೋಗಿ ಬಾಯಿ ಕೆಲಸ ಮಾಡ್ತೀಯಾ?" ಓ ಪೇರ್ ಎಂಬ ಮಾತೆತ್ತಿದರೆ ಮಹಾರಾಷ್ಟ್ರ, ಗೋವಾದ ಕನ್ನಡಿಗರಲ್ಲಿ, ಡೊಂಬಿವಲಿಯ ಮನೆಯಿರಲಿ, ಪಿಂಪ್ರಿಯದಿರಲಿ, ವಾಸ್ಕೋದ್ದಿರಲಿ, ಅಮ್ಮನಿಂದ ಮೊದಲು ಬರುವ ಪ್ರಶ್ನೆ ಇದು. ಬಾಯಿ ಎಂದರೆ ಇಲ್ಲಿ ಮನೆಗೆಲಸದವಳು. ಪ್ರಶ್ನೆ ತಪ್ಪಲ್ಲ. ಓ ಪೇರ್ ಎಂದರೆ ಫ್ರೆಂಚಿನಲ್ಲಿ ಸರಿಸಮ. ಪರದೇಶದ ಕುಟುಂಬವೊಂದರಲ್ಲಿ ಮನೆಯವರ ಹಾಗೇ ಇದ್ದು, ಅವರ ಮಕ್ಕಳನ್ನು ದಿನಕ್ಕೆ ಕೆಲವು ಗಂಟೆ ನೋಡಿಕೊಂಡು, ಉಳಿದ ಹೊತ್ತಿನಲ್ಲಿ ಅಲ್ಲಿನ ಭಾಷೆ ಕಲಿಯುವ ಏರ್ಪಾಡು. ಮಕ್ಕಳ ತಿಂಡಿ, ಅವರ ಬಟ್ಟೆ, ಶಾಲೆಗೆ ಬಿಟ್ಟು ಕರೆತರುವುದು, ಆಟ, ಮಲಗಿಸುವುದು, ಜತೆಗೆ ಸಣ್ಣಪುಟ್ಟ ಮನೆಗೆಲಸ, ಇಷ್ಟು ನಿಮ್ಮ ಪಾಲಿಗೆ. ಇಡೀ ಮನೆಯ ಕಸಮುಸುರೆ, ಅಜ್ಜ ಅಜ್ಜಿಯರ ಶುಶ್ರೂಷೆ ನಿಮ್ಮದಲ್ಲ. ಈ ಗೆರೆ ಎಲ್ಲಿದೆ ಎಂದು ಒಪ್ಪಂದದಲ್ಲಿ ಬರೆಸಿಕೊಳ್ಳದೆ ಹೋದವರು ಮಾತ್ರ ಅಮ್ಮ ಹೆದರಿದ ಹಾಗೇ ಬಾಯಿ ಆಗಿಬಿಡುತ್ತಾರೆ.

ಜರ್ಮನಿಯನ್ನೇ ಹಿಡಿದು ಬರೆಯುತ್ತಿರುವುದಕ್ಕೆ ಕಾರಣ, ಅಲ್ಲಿನ ನಿಯಮಗಳು ಖಚಿತವಾಗಿವೆ, ಭಾಷೆ ಕಲಿಯಲು ಮುಂಬೈ ಪುಣೆಗಳಲ್ಲಿ ಒಳ್ಳೆಯ ಜಾಗಗಳಿವೆ. ಫ್ರಾನ್ಸಿನಲ್ಲಿ ವಾರಕ್ಕೆ 25 ಗಂಟೆ ಮಾತ್ರ, ವಯಸ್ಸಿನ ಮಿತಿ 30, ಆದರೆ ಫ್ರೆಂಚ್ ಬೇಕು. ಅಮೆರಿಕದಲ್ಲಿ ವಾರಕ್ಕೆ 45 ಗಂಟೆಯವರೆಗೂ ದುಡಿಸಬಹುದು, ಅಲ್ಲಿನ ಸರ್ಕಾರ ಒಪ್ಪಿದ ಏಜೆನ್ಸಿಯ ಮೂಲಕವೇ ಹೋಗಬೇಕು. ನಾರ್ವೆ 2024ರಲ್ಲಿ ಈ ಬಾಗಿಲನ್ನೇ ಮುಚ್ಚಿತು. ಬ್ರಿಟನ್ನಿನಲ್ಲಿ ಓ ಪೇರ್ ವೀಸಾ ಎಂಬುದೇ ಇಲ್ಲ. ಹಾಗಾಗಿ "ಲಂಡನ್ ಕುಟುಂಬ, ವಾರಕ್ಕೆ 400 ಪೌಂಡ್, ವೀಸಾ ನಮ್ಮ ವಕೀಲರು ಮಾಡಿಸುತ್ತಾರೆ, ಮೊದಲು ಫೀ ಕಳಿಸಿ" ಎಂಬ ಮೇಲ್ ಬಂದರೆ ಉತ್ತರ ಬರೆಯುವ ಶ್ರಮವೂ ಬೇಡ.

ಗೋವಾದವರಿಗೆ ಒಂದು ಮಾತು. ಪಕ್ಕದ ಮನೆಯ ಹುಡುಗಿ ಪೋರ್ಚುಗೀಸ್ ಪಾಸ್‌ಪೋರ್ಟ್ ಹಿಡಿದು ವೀಸಾ ಇಲ್ಲದೆ ಹೋದಳೆಂದರೆ ಅವಳು ಯುರೋಪಿನ ಪ್ರಜೆಯಾಗಿ ಹೋದಳು. ಅವಳ ದಾರಿ ನಿಮಗೆ ತೆರೆದಿಲ್ಲ, ಅವಳ ಸಲಹೆಯೂ ನಿಮಗೆ ಹೊಂದುವುದಿಲ್ಲ.

ಲೆಕ್ಕ ಮೊದಲು

ವಯಸ್ಸು 18 ತುಂಬಿರಬೇಕು, ವೀಸಾಗೆ ಅರ್ಜಿ ಹಾಕುವ ದಿನ 27 ತುಂಬಿರಬಾರದು. ಅವಧಿ ಕನಿಷ್ಠ 6 ತಿಂಗಳು, ಗರಿಷ್ಠ ಒಂದು ವರ್ಷ. ಒಮ್ಮೆ ಹೋಗಿ ಬಂದರೆ ಮತ್ತೆ ಓ ಪೇರ್ ಆಗಿ ಜರ್ಮನಿಗೆ ಹೋಗಲಾಗದು.

ಕೈಗೆ ಬರುವುದು ತಿಂಗಳಿಗೆ 280 ಯುರೋ. ಇದನ್ನು ಅವರು ಸಂಬಳ ಎನ್ನುವುದಿಲ್ಲ, ಪಾಕೆಟ್ ಮನಿ ಎನ್ನುತ್ತಾರೆ, ನೀವೂ ಹಾಗೇ ತಿಳಿಯಬೇಕು. ಯುರೋಗೆ 100 ರೂಪಾಯಿ ಎಂದು ಹಿಡಿದರೂ 28,000. ಇದರಲ್ಲಿ ಊರಿಗೆ ಹಣ ಕಳಿಸುತ್ತೇನೆ, ಸಾಲ ತೀರಿಸುತ್ತೇನೆ ಎಂಬ ಲೆಕ್ಕವಿದ್ದರೆ ಹೊರಡಲೇಬೇಡಿ. ಊಟ ಮತ್ತು ಕೋಣೆ ಕುಟುಂಬದ್ದು. ಕೋಣೆ ನಿಮ್ಮೊಬ್ಬರಿಗೇ ಆಗಬೇಕು, ಕನಿಷ್ಠ 8 ಚದರ ಮೀಟರ್, ಕಿಟಕಿ ಮತ್ತು ಹೀಟಿಂಗ್ ಇರಬೇಕು. ಆರೋಗ್ಯ ಮತ್ತು ಅಪಘಾತ ವಿಮೆಯ ಕಂತು ಅವರೇ ಕಟ್ಟಬೇಕು. ಭಾಷೆಯ ಕ್ಲಾಸಿಗೆ ತಿಂಗಳಿಗೆ 70 ಯುರೋ ಕೂಡ ಅವರಿಂದಲೇ. ವಿಮಾನದ ಟಿಕೆಟ್ ಮಾತ್ರ ಸಾಮಾನ್ಯವಾಗಿ ನಿಮ್ಮ ಕೈಯಿಂದ. ವೀಸಾ ಶುಲ್ಕ 75 ಯುರೋ, ವೀಸಾ ಸಿಗದಿದ್ದರೆ ಅದು ವಾಪಸ್ ಬರುವುದಿಲ್ಲ.

ಏಜೆಂಟರ ವಿಷಯ. ಜರ್ಮನಿಯ ಕಾನೂನಿನಂತೆ ಮಧ್ಯವರ್ತಿ ಏಜೆನ್ಸಿ ಓ ಪೇರ್ ಕಡೆಯಿಂದ ಗರಿಷ್ಠ 150 ಯುರೋ ತೆಗೆದುಕೊಳ್ಳಬಹುದು. ಇಲ್ಲಿ ಯಾರಾದರೂ ಒಂದೂವರೆ ಲಕ್ಷ ಕೇಳಿದರೆ ಆ ಹಣ ಯಾವುದಕ್ಕೆ ಎಂದು ಒಂದೊಂದೇ ಬಾಬ್ತು ಬರೆದು ಕೊಡಲು ಹೇಳಿ. ಅಪೊಸ್ಟಿಲ್ (ಕಾಗದಪತ್ರ ಅಸಲಿ ಎಂದು ಸರ್ಕಾರ ಹಾಕುವ ಮುದ್ರೆ) ಎಂದು ಬರೆದರೆ ಅದನ್ನು ಹೊಡೆದು ಹಾಕಿ, ಭಾರತದ ಅಪೊಸ್ಟಿಲ್ ಅನ್ನು ಜರ್ಮನಿ ಒಪ್ಪುವುದಿಲ್ಲ.

ನಮ್ಮವರ ಮನೆಗೇ ಹೋಗುತ್ತೇನೆ ಎಂದರೆ

ಕನ್ನಡದವರು ಎಡವುವ ಮೊದಲ ಕಲ್ಲು ಇದು. ಫ್ರಾಂಕ್‌ಫರ್ಟಿನಲ್ಲೋ ಮ್ಯೂನಿಕ್ಕಿನಲ್ಲೋ ಐಟಿಯಲ್ಲಿರುವ ಚಿಕ್ಕಪ್ಪನ ಮಗನಿಗೆ ಮಗು ಹುಟ್ಟಿದೆ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಊರಿಂದ ಹುಡುಗಿಯೊಬ್ಬಳು ಬಂದರೆ ಅವರಿಗೂ ಅನುಕೂಲ, ಇವಳಿಗೂ ಒಂದು ದಾರಿ. ಕೇಳಲು ಚೆನ್ನಾಗಿದೆ, ಆದರೆ ವೀಸಾ ಸಿಗುವುದಿಲ್ಲ. ಆತಿಥೇಯ ಕುಟುಂಬ ನಿಮ್ಮ ಸಂಬಂಧಿಕರಾಗಿರಬಾರದು. ಮನೆಯಲ್ಲಿ ಜರ್ಮನ್ ಮಾತೃಭಾಷೆಯಾಗಿರಬೇಕು. ಮಾತೃಭಾಷೆಯಲ್ಲದಿದ್ದರೂ ದಿನಬಳಕೆಯ ಭಾಷೆಯಾಗಿದ್ದರೆ ನಡೆಯುತ್ತದೆ, ಆದರೆ ಆಗ ಓ ಪೇರ್ ಆ ತಂದೆತಾಯಿಯ ತಾಯ್ನಾಡಿನವಳಾಗಿರುವಂತಿಲ್ಲ. ಅಂದರೆ ಭಾರತದಿಂದ ಹೋದ ಕುಟುಂಬ ಭಾರತದಿಂದ ಓ ಪೇರ್ ಕರೆಸಿಕೊಳ್ಳಲಾಗದು. ಕನ್ನಡ ಮಾತಾಡುತ್ತ ಇದ್ದರೆ ಜರ್ಮನ್ ಕಲಿತಂತಾಯಿತೇ ಎಂಬುದು ಜರ್ಮನಿಯ ವಾದ, ಅದು ನ್ಯಾಯವೇ.

ಎ1: ಸರ್ಟಿಫಿಕೇಟ್ ಬೇರೆ, ಬಾಯಿ ಬರುವುದು ಬೇರೆ

ಭಾಷೆಯ ಮಟ್ಟಗಳಲ್ಲಿ (ಎ1, ಎ2, ಬಿ1, ಹೀಗೆ ಮೇಲಕ್ಕೆ) ಮೊದಲನೆಯದು ಎ1. ಓ ಪೇರ್ ವೀಸಾಗೆ ಜರ್ಮನ್ ಭಾಷೆಯ ಎ1 ಸರ್ಟಿಫಿಕೇಟ್ ಬೇಕು. ಮುಂಬೈಯಲ್ಲಿ ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೋಥೆ ಇನ್‌ಸ್ಟಿಟ್ಯೂಟ್ ಅನ್ನು ಮ್ಯಾಕ್ಸ್ ಮುಲ್ಲರ್ ಭವನ ಎನ್ನುತ್ತಾರೆ, ಕಾಲಾ ಘೋಡಾದಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿಯ ಪಕ್ಕ. ಪುಣೆಯದ್ದು ಬೋಟ್ ಕ್ಲಬ್ ರಸ್ತೆಯಲ್ಲಿ. ಪಾಠ ಎಲ್ಲಾದರೂ ಕಲಿಯಬಹುದು, ಮಾನ್ಯತೆ ಇರುವ ಪರೀಕ್ಷೆ ಮಾತ್ರ ಮುಖ್ಯ. ಸ್ಲಾಟ್ ಬೇಗ ತುಂಬುವುದರಿಂದ ಕ್ಲಾಸ್ ಅರ್ಧವಾಗುವಾಗಲೇ ಪರೀಕ್ಷೆಯ ತಾರೀಕು ಹಿಡಿಯಿರಿ. ವೀಸಾ ಅರ್ಜಿಯ ಹೊತ್ತಿಗೆ ಸರ್ಟಿಫಿಕೇಟ್ ಒಂದು ವರ್ಷಕ್ಕಿಂತ ಹಳೆಯದಾಗಿರದಿದ್ದರೆ ಒಳ್ಳೆಯದು.

ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. 100ಕ್ಕೆ 60 ಬಂದರೆ ಪಾಸು. ಬರೆಯುವ ಭಾಗದಲ್ಲಿ ಒಂದು ಫಾರ್ಮ್ ತುಂಬಿ ಸುಮಾರು 30 ಪದಗಳ ಪುಟ್ಟ ಪತ್ರ ಬರೆಯಬೇಕು, ಅಷ್ಟೇ. ಹೆಚ್ಚಿನವರು ತಡವರಿಸುವುದು ಮಾತಿನ ಭಾಗದಲ್ಲಿ. ಹೆಸರು, ವಯಸ್ಸು, ದೇಶ, ಊರು, ಭಾಷೆಗಳು, ಕೆಲಸ, ಹವ್ಯಾಸ ಹೇಳಿ ಮುಗಿಸುವಷ್ಟರಲ್ಲಿ ಪರೀಕ್ಷಕರು "ನಿಮ್ಮ ಅಡ್ಡಹೆಸರಿನ (ಸರ್‌ನೇಮ್) ಅಕ್ಷರ ಹೇಳಿ" ಎನ್ನುತ್ತಾರೆ, ಆಮೇಲೆ ಫೋನ್ ನಂಬರ್ ಕೇಳುತ್ತಾರೆ. ಜರ್ಮನ್ನಿನಲ್ಲಿ ಇಂಗ್ಲಿಷಿನ ಇ ಅಕ್ಷರ "ಏ" ಆಗುತ್ತದೆ, ಐ ಅಕ್ಷರ "ಈ" ಆಗುತ್ತದೆ, ಎ ಅಕ್ಷರ "ಆ", ಜೆ ಅಕ್ಷರ "ಯೋಟ್", ವಿ ಅಕ್ಷರ "ಫೌ", ಡಬ್ಲ್ಯೂ ಅಕ್ಷರ "ವೇ". ನಿಮ್ಮ ಹೆಸರು, ಮನೆಯ ಬೀದಿ, ಅಪ್ಪನ ಹೆಸರು, ಮೂರನ್ನೂ ನಿದ್ದೆಗಣ್ಣಲ್ಲಿ ಕೇಳಿದರೂ ಬಿಡಿಸಿ ಹೇಳುವಂತಿರಬೇಕು.

ಅಂಕಿಗಳಲ್ಲಿ ಮಹಾರಾಷ್ಟ್ರದ ಕನ್ನಡಿಗರಿಗೊಂದು ಅನುಕೂಲವಿದೆ. 25ಕ್ಕೆ ಜರ್ಮನ್ನರು "ಫ್ಯುನ್ಫ್ ಉಂಟ್ ತ್ಸ್ವಾನ್‌ತ್ಸಿಶ್" ಎನ್ನುತ್ತಾರೆ, ಐದು ಮುಂದೆ, ಇಪ್ಪತ್ತು ಹಿಂದೆ. ಕನ್ನಡದ ಇಪ್ಪತ್ತೈದು ಇದಕ್ಕೆ ಉಲ್ಟಾ. ಮರಾಠಿಯ ಪಂಚವೀಸ್ ಇದರ ಹಾಗೇ! ಲೆಕ್ಕವನ್ನು ಮರಾಠಿಯಲ್ಲಿ ಹಾಕಿ ಜರ್ಮನ್ನಿಗೆ ತಿರುಗಿಸಿ, ಬೇಗ ಬರುತ್ತದೆ.

ಪಾಸಾದ ಮೇಲೂ ಅಭ್ಯಾಸ ಬಿಡಬೇಡಿ. ವೀಸಾ ಸಂದರ್ಶನದಲ್ಲಿ ಜರ್ಮನ್ನಿನಲ್ಲೇ ನಾಲ್ಕು ಪ್ರಶ್ನೆ ಬರಬಹುದು: ಮಕ್ಕಳ ಹೆಸರೇನು, ವಯಸ್ಸೆಷ್ಟು, ಯಾವ ಊರು, ಏನು ಕೆಲಸ. 85 ಅಂಕದ ಸರ್ಟಿಫಿಕೇಟ್ ಮುಂದಿಟ್ಟು ಬಾಯಿ ಕಟ್ಟಿ ನಿಂತರೆ ಸಂಶಯ ಸರ್ಟಿಫಿಕೇಟಿನ ಮೇಲೆಯೇ ಬೀಳುತ್ತದೆ.

ಕುಟುಂಬ ಹುಡುಕುವುದು

ಔಪೇರ್‌ವರ್ಲ್ಡ್‌ನಂಥ ತಾಣದಲ್ಲಿ ನೀವೇ ಪ್ರೊಫೈಲ್ ಹಾಕಬಹುದು, ಅಥವಾ ಜರ್ಮನಿಯ ಆರ್‌ಎಎಲ್ ಗುಣಮುದ್ರೆ ಇರುವ ಏಜೆನ್ಸಿಗೆ ಬರೆಯಬಹುದು. ಅಲ್ಲಿ ಶಾಲೆಗಳು ಆಗಸ್ಟ್, ಸೆಪ್ಟೆಂಬರಿಗೆ ಶುರುವಾಗುವುದರಿಂದ ಹೆಚ್ಚಿನ ಮನೆಗಳು ಆ ಹೊತ್ತಿಗೆ ಜನ ಹುಡುಕುತ್ತವೆ. ಹಿಂದಿನ ದೀಪಾವಳಿ ಹೊತ್ತಿಗೆ ಎ1 ಕ್ಲಾಸ್ ಹಿಡಿದು, ಫೆಬ್ರವರಿಯಿಂದ ಮನೆ ಹುಡುಕಿದರೆ ವೀಸಾಗೆ ಸಾಕಷ್ಟು ತಿಂಗಳು ಉಳಿಯುತ್ತವೆ.

ಪ್ರೊಫೈಲಿನಲ್ಲಿ "ಮಕ್ಕಳೆಂದರೆ ಇಷ್ಟ" ಎಂದು ಎಲ್ಲರೂ ಬರೆಯುತ್ತಾರೆ. ನೀವು ಗಂಟೆ ಬರೆಯಿರಿ: ಅಕ್ಕನ ಎರಡು ವರ್ಷದ ಮಗುವನ್ನು ವಾರಕ್ಕೆ ನಾಲ್ಕು ದಿನ, ಮಧ್ಯಾಹ್ನ 2ರಿಂದ 6, ಬಾಲವಾಡಿಯಲ್ಲಿ ಆರು ತಿಂಗಳು, 20 ಮಕ್ಕಳು, ಟ್ಯೂಷನ್, ಮೂರನೇ ಕ್ಲಾಸಿನ ಐದು ಮಕ್ಕಳು. ಬಾಲವಾಡಿಯ ಮೇಲ್ವಿಚಾರಕರಿಂದ ತಾರೀಕು ಸಹಿತ ಪತ್ರ ಪಡೆಯಿರಿ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬಹಳ ಮನೆಗಳು ಕೇಳುತ್ತವೆ. ಅದು ಪಾಸ್‌ಪೋರ್ಟ್ ಸೇವಾ ಮೂಲಕ ಸಿಗುತ್ತದೆ, ಶುಲ್ಕ 500 ರೂಪಾಯಿ. ಮಾಂಸ ತಿನ್ನುವುದಿಲ್ಲ, ಮುಟ್ಟುವುದಿಲ್ಲ ಎನ್ನುವವರು ಅದನ್ನು ಮೊದಲ ಪತ್ರದಲ್ಲೇ ಹೇಳಿ. ಮಕ್ಕಳ ಬ್ರೆಡ್ಡಿಗೆ ಸಾಸೇಜ್ ಇಡುವ ಪ್ರಸಂಗ ಬೆಳಗ್ಗೆ ಏಳಕ್ಕೇ ಬರುತ್ತದೆ.

ವೀಡಿಯೊ ಕರೆಯಲ್ಲಿ ಅವರು ನಿಮ್ಮನ್ನು ಕೇಳಿದಷ್ಟೇ ನೀವೂ ಕೇಳಬೇಕು. ಹಿಂದೆ ಇದ್ದ ಓ ಪೇರ್ ಜತೆ ಮಾತಾಡಬಹುದೇ ಎಂದು ಕೇಳಿ, ನುಣುಚಿಕೊಂಡರೆ ಮನೆ ಬಿಡಿ. ವಾರದ ವೇಳಾಪಟ್ಟಿ ಬರೆದು ಕಳಿಸಲು ಹೇಳಿ. ಗರಿಷ್ಠ ದಿನಕ್ಕೆ 6 ಗಂಟೆ, ವಾರಕ್ಕೆ 30. ಸರಿಯಾದ ಪಟ್ಟಿ ಹೀಗಿರುತ್ತದೆ: ಬೆಳಗ್ಗೆ 6:30ರಿಂದ 8:30 ತಿಂಡಿ ಮತ್ತು ಶಾಲೆಗೆ ಬಿಡುವುದು, ಮಧ್ಯಾಹ್ನ 3ರಿಂದ 6 ಕರೆತಂದು ಆಡಿಸುವುದು, ಐದು ದಿನಕ್ಕೆ 25. ಶನಿವಾರ ರಾತ್ರಿ ಅವರು ಹೊರಗೆ ಹೋದಾಗ 3 ಗಂಟೆ ಮಕ್ಕಳ ಕಾವಲು, ಒಟ್ಟು 28. "ಮಕ್ಕಳು ಮಲಗಿರುತ್ತಾರಲ್ಲ, ಅದೇನು ಕೆಲಸ" ಎಂದು ಆ ಮೂರು ಗಂಟೆಯನ್ನು ಲೆಕ್ಕದಿಂದ ಬಿಡುವುದೇ ಸಾಮಾನ್ಯ ಜಗಳದ ಮೂಲ. ಬೇಬಿಸಿಟ್ಟಿಂಗ್ ಕೂಡ 30ರ ಒಳಗೇ ಬರುತ್ತದೆ. ವಾರಕ್ಕೆ ಒಂದೂವರೆ ದಿನ ರಜೆ, ತಿಂಗಳಿಗೆ ಒಂದಾದರೂ ಭಾನುವಾರ, ವಾರಕ್ಕೆ ನಾಲ್ಕು ಸಂಜೆ ಬಿಡುವು, ವರ್ಷ ಪೂರ್ತಿ ಇದ್ದರೆ ನಾಲ್ಕು ವಾರ ರಜೆ. ಒಪ್ಪಂದದ ಮಾದರಿಯನ್ನು ಜರ್ಮನಿಯ ಫೆಡರಲ್ ಉದ್ಯೋಗ ಸಂಸ್ಥೆಯೇ ಕೊಡುತ್ತದೆ, ಅದನ್ನೇ ಬಳಸಿ.

ಕಾಗದಪತ್ರ, ಮುಖ್ಯವಾಗಿ ಹೆಸರು

ಮಹಾರಾಷ್ಟ್ರ ಮತ್ತು ಗೋವಾದಲ್ಲಿ ವಾಸವಿರುವವರಿಗೆ ಮುಂಬೈಯ ಜರ್ಮನ್ ಕಾನ್ಸುಲೇಟ್. ಪಾಸ್‌ಪೋರ್ಟಿನಲ್ಲಿ ಬೆಳಗಾವಿ ಅಥವಾ ಉಡುಪಿ ವಿಳಾಸವಿದ್ದರೆ ನಿಮ್ಮನ್ನು ಬೆಂಗಳೂರಿಗೆ ಹೋಗಿ ಎನ್ನಬಹುದು. ಇಲ್ಲೇ ಇದ್ದೀರಿ ಎನ್ನುವುದಕ್ಕೆ ಲೀವ್ ಅಂಡ್ ಲೈಸೆನ್ಸ್ ಕರಾರು (ಬಾಡಿಗೆ ಕರಾರು), ಆಧಾರ್, ಕಾಲೇಜಿನ ಪತ್ರ ಜತೆಗಿರಲಿ. ಕಾನ್ಸುಲೇಟಿನ ವೆಬ್‌ಸೈಟಿನಲ್ಲಿ ಓ ಪೇರ್ ವೀಸಾದ ಪಟ್ಟಿಯಿದೆ, ಏಜೆಂಟರ ಹಳೇ ಪಿಡಿಎಫ್ ನಂಬದೆ ಅದನ್ನೇ ನೋಡಿ ಅದೇ ಕ್ರಮದಲ್ಲಿ ಜೋಡಿಸಿ.

ಹೆಸರಿನ ಗೊಂದಲ ನಮ್ಮವರಿಗೆ ಹುಟ್ಟಿನಿಂದ ಬಂದದ್ದು. ಎಸ್ಸೆಸ್ಸಿ ಅಂಕಪಟ್ಟಿಯಲ್ಲಿ "ಹೂಗಾರ ಸುಮಾ ಶಿವಪ್ಪ", ಊರಿನ ಜನನ ಪತ್ರದಲ್ಲಿ "ಸುಮಾ", ಆಧಾರಿನಲ್ಲಿ "ಸುಮಾ ಎಸ್. ಹೂಗಾರ", ಹೂಗಾರ ಎಂಬಲ್ಲಿ ಇಂಗ್ಲಿಷಿನಲ್ಲಿ ಒಂದು ಕಡೆ ಯು, ಇನ್ನೊಂದು ಕಡೆ ಎರಡು ಓ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಟ್ಟಿದ್ದರೆ ಮೊದಲು ಅದನ್ನು ತಿದ್ದಿಸಿ, ಆಮೇಲೆ ಎ1 ಪರೀಕ್ಷೆಗೆ ಹೆಸರು ಕೊಡಿ. ಪರೀಕ್ಷೆ, ಒಪ್ಪಂದ, ವಿಮೆ, ಟಿಕೆಟ್ ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಬೇಕು. ಕುಟುಂಬಕ್ಕೆ ಹೆಸರು ಬರೆದು ಕಳಿಸಬೇಡಿ, ಪಾಸ್‌ಪೋರ್ಟಿನ ಫೋಟೋ ಪುಟ ನೋಡಿ ಬರೆಯಲು ಹೇಳಿ.

ಇನ್ನು ಉದ್ದೇಶಪತ್ರ. ಅರ್ಜಿ ನಿಲ್ಲುವುದೂ ಬೀಳುವುದೂ ಬಹುಮಟ್ಟಿಗೆ ಇದರ ಮೇಲೆ. ಜರ್ಮನ್ನಿನಲ್ಲಿ ಒಂದು ಪುಟ, ನಿಮ್ಮ ಎ1 ಭಾಷೆಯಲ್ಲೇ ಸಾಕು. ತಪ್ಪಿಲ್ಲದ ಸಾಹಿತ್ಯಿಕ ಜರ್ಮನ್ ಬರೆಸಿಕೊಂಡು ಹೋದರೆ ಅದೇ ಮುಳುವಾಗುತ್ತದೆ. ಈ ಮನೆಯೇ ಏಕೆ, ಮಕ್ಕಳಿಗೆ ಎಷ್ಟು ವರ್ಷ, ಭಾಷೆಯ ಕ್ಲಾಸ್ ಯಾವ ಊರಿನ ಫೋಕ್ಸ್‌ಹೋಖ್‌ಶೂಲೆಯಲ್ಲಿ (ದೊಡ್ಡವರಿಗೆ ಪಾಠ ಹೇಳುವ ಊರಿನ ಶಾಲೆ), ಒಂದು ವರ್ಷದ ಮೇಲೆ ಏನು ಮಾಡುತ್ತೀರಿ, ಇಷ್ಟಕ್ಕೆ ಉತ್ತರವಿರಬೇಕು. ಕೊನೆಯದೇ ಕಠಿಣ. ಬಿ.ಎಡ್. ಮುಗಿಸಿ 25ರಲ್ಲಿ ಒಳ್ಳೆಯ ಕೆಲಸದಲ್ಲಿರುವವರು ಅದನ್ನು ಬಿಟ್ಟು 280 ಯುರೋಗೆ ಏಕೆ ಹೊರಟರು ಎಂಬ ಅನುಮಾನ ಸಹಜ. "ಬಂದು ಶಾಲೆಯಲ್ಲಿ ಜರ್ಮನ್ ಕಲಿಸುತ್ತೇನೆ, ಅದಕ್ಕೆ ಬಿ1 ಬೇಕು, ಆ ಮಟ್ಟ ಅಲ್ಲೇ ಇದ್ದು ತಲುಪುತ್ತೇನೆ" ಎಂಬುದು ನಿಜವಾಗಿದ್ದರೆ ಹಾಗೇ ಬರೆಯಿರಿ. ಏಜೆಂಟ್ ಕೊಟ್ಟ ಪತ್ರವನ್ನು ನಕಲು ಮಾಡಿದರೆ, ಅದೇ ಪತ್ರ ಅದೇ ವಾರ ಇನ್ನೂ ನಾಲ್ಕು ಫೈಲಿನಲ್ಲಿ ಅವರ ಮೇಜಿನ ಮೇಲಿರುತ್ತದೆ.

ಇಳಿದ ಮೇಲೆ

ಖರ್ಚಿಗೆ 200ರಿಂದ 300 ಯುರೋ ಜತೆಗಿರಲಿ. ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಆಮೇಲೆ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿ. ಭಾರತದ ಡ್ರೈವಿಂಗ್ ಲೈಸೆನ್ಸ್ ಅನುವಾದದ ಜತೆ ಆರು ತಿಂಗಳು ನಡೆಯುತ್ತದೆ. ಮಕ್ಕಳು ಎಷ್ಟೇ ಹಟ ಮಾಡಲಿ, ಕೈಯೆತ್ತಬೇಡಿ. ಅಲ್ಲಿ 2000ದಿಂದ ಹೆತ್ತವರೂ ಮಕ್ಕಳಿಗೆ ಹೊಡೆಯುವಂತಿಲ್ಲ. ಸಾಮಾನ್ಯ ಒಪ್ಪಂದದಲ್ಲಿ ಎರಡೂ ಕಡೆಯವರಿಗೆ ಎರಡು ವಾರದ ನೋಟಿಸ್ ಇರುತ್ತದೆ. ಮನೆ ಸರಿಹೋಗದಿದ್ದರೆ ಬೇರೆ ಮನೆಗೆ ಹೋಗಬಹುದು, ವಿದೇಶಿಯರ ಕಚೇರಿಗೆ ಮೊದಲೇ ತಿಳಿಸಬೇಕು, ಒಟ್ಟು ಅವಧಿ ಮಾತ್ರ ಒಂದು ವರ್ಷ ದಾಟುವುದಿಲ್ಲ. ತುರ್ತಿಗೆ 112, ಪೊಲೀಸರಿಗೆ 110.

ಮೊದಲ ದಿನವೇ ಮಾಡಬೇಕಾದ ಇನ್ನೊಂದು ಕೆಲಸವಿದೆ. ಬ್ಯಾಂಕಿನ ಪಿನ್, ವಿಮೆಯ ಕಾರ್ಡ್, ಕಚೇರಿಯ ಅಪಾಯಿಂಟ್‌ಮೆಂಟ್ ಎಲ್ಲವೂ ಅಲ್ಲಿ ಅಂಚೆಯಲ್ಲೇ ಬರುತ್ತವೆ, ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಪೋಸ್ಟ್‌ಮ್ಯಾನ್ ಪತ್ರ ಹಾಕದೆ ತಿರುಗಿಸಿ ಕಳಿಸಿಬಿಡುತ್ತಾನೆ. ಮನೆಯವರ ಹೆಸರಿನ ಕೆಳಗೆ ನಿಮ್ಮ ಹೆಸರಿನ ಚೀಟಿ ಅಂಟಿಸಲು ಹೇಳಿ, ಪಾಸ್‌ಪೋರ್ಟಿನಲ್ಲಿ ಇರುವ ಅಕ್ಷರಗಳಲ್ಲೇ.