ಅಲರ್ಜಿ ಇಟ್ಟುಕೊಂಡು ಪುಟ್ಟ ನಾಯಿ ಹುಡುಕಿದ್ದು

ಮೈಸೂರಿನ ಚಾಮುಂಡಿಪುರಂನಲ್ಲಿರುವ ನನ್ನ ತಂಗಿ ಶಿಟ್ಜು ತಳಿಯ ನಾಯಿಮರಿ ತಂದು ವರ್ಷವಾದ ಮೇಲೆ ಫೋನ್ ಮಾಡಿದಳು. "ಅಕ್ಕ, ಇವನಿಗೆ ಕೂದಲೇ ಉದುರಲ್ಲ. ಅಲರ್ಜಿ ಇರೋರೂ ಸಾಕಬಹುದಂತೆ. ಬಂದು ಒಂದಿನ ಇದ್ದು ನೋಡು" ಅಂದಳು. ಹೋದೆ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದಾಗ ಎದೆಯಲ್ಲಿ ಸುಯ್ ಸುಯ್ ಸದ್ದು. ಕಣ್ಣು ಊದಿಕೊಂಡಿತ್ತು. ಇನ್‌ಹೇಲರ್ ಎಳೆದುಕೊಂಡು ಬೆಳಕು ಹರಿಯುವವರೆಗೂ ಕಿಟಕಿ ಪಕ್ಕ ಕೂತಿದ್ದೆ.

ನಾಯಿ ಬೇಡ ಅಂತ ಅವತ್ತೇ ಬಿಟ್ಟುಬಿಡಬಹುದಿತ್ತು. ಮನಸ್ಸಾಗಲಿಲ್ಲ. ಹತ್ತು ವರ್ಷದ ಮಗಳು ಎರಡು ವರ್ಷದಿಂದ ಕೇಳುತ್ತಿದ್ದಳು. ನನಗೂ ಆಸೆ ಕಡಿಮೆ ಇರಲಿಲ್ಲ. ಮದ್ದೂರಿನ ಹತ್ತಿರ ನಮ್ಮಜ್ಜಿಯ ಊರಲ್ಲಿ ನಾನು ನಾಯಿ ಜೊತೆಯೇ ಬೆಳೆದವಳು. ಆಗ ಒಂದು ಸೀನೂ ಬರುತ್ತಿರಲಿಲ್ಲ. ಆ ನಾಯಿ ಜಗಲಿ ದಾಟಿ ಒಳಗೆ ಬಂದದ್ದೇ ಇಲ್ಲ ಅನ್ನೋದು ಈಗ ನೆನಪಾಗುತ್ತದೆ.

ಮೊದಲು ಅಲರ್ಜಿ ಡಾಕ್ಟರ ಹತ್ತಿರ ಹೋದೆ. ಒಂದು ವಾರ ಮೊದಲೇ ಸೀನಿನ ಮಾತ್ರೆ ನಿಲ್ಲಿಸಲು ಹೇಳಿದ್ದರು. ಅದು ಮೈಯಲ್ಲಿದ್ದರೆ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ. ಮುಂಗೈ ಮೇಲೆ ಸಾಲಾಗಿ ಹನಿ ಹಾಕಿ, ಪ್ರತಿ ಹನಿಯ ಮೇಲೂ ಸೂಜಿಯಿಂದ ಮೆಲ್ಲಗೆ ಚುಚ್ಚಿದರು. ಹದಿನೈದು ನಿಮಿಷ ಕಾದು, ಎದ್ದ ಗುಳ್ಳೆಗಳನ್ನು ಸ್ಕೇಲಿನಲ್ಲಿ ಅಳೆದರು. 3 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅಲರ್ಜಿ ಇದೆ ಅಂತ ಲೆಕ್ಕ. ನನಗೆ ನಾಯಿಯದು 4, ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡದ್ದು 5. ಹಾಸಿಗೆ ದಿಂಬಿನ ಧೂಳಿನಲ್ಲಿ ಇರುವ, ಕಣ್ಣಿಗೆ ಕಾಣದ ಡಸ್ಟ್ ಮೈಟ್‌ನದು 9!

"ಮೊದಲು ಹಾಸಿಗೆ ಸರಿ ಮಾಡ್ಕೊಳ್ಳಿ ಮೇಡಂ. ನಾಯಿ ವಿಷಯ ಆಮೇಲೆ ಮಾತಾಡೋಣ" ಅಂದರು ಡಾಕ್ಟರು. ಒಂದು ಪಾತ್ರೆ ಕಂಠಮಟ್ಟ ತುಂಬಿದ್ದರೆ ಇನ್ನೊಂದು ಲೋಟ ನೀರು ಸುರಿದರೂ ಚೆಲ್ಲುತ್ತದೆ, ಅಲ್ವಾ? ಅಲರ್ಜಿಯೂ ಹಾಗೆಯೇ ಅಂತ ಅವರು ವಿವರಿಸಿದರು. ನಾಯಿಗೆ ಜಾಗ ಆಗಬೇಕಾದರೆ ಧೂಳಿನ ಭಾರ ಇಳಿಯಬೇಕು.

ಮೂರು ತಿಂಗಳು ಅದನ್ನೇ ಮಾಡಿದೆ. ಹಳೆಯ ಹತ್ತಿ ಹಾಸಿಗೆ ತೆಗೆದೆ. ಹೊಸದಕ್ಕೂ ದಿಂಬುಗಳಿಗೂ ಮೈಟ್ ನುಸುಳದ ಒತ್ತು ನೇಯ್ಗೆಯ ಜಿಪ್ ಕವರ್ ಹಾಕಿಸಿದೆ. ಬೆಡ್‌ಶೀಟನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ಒಗೆದೆ. ಹಾಲ್‌ನ ಕಾರ್ಪೆಟ್ ಕೊಟ್ಟುಬಿಟ್ಟೆ. ಸರಸ್ವತಿಪುರಂನ ನಮ್ಮ ಹಳೇ ಮನೆಯದು ರೆಡ್ ಆಕ್ಸೈಡ್ ನೆಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕೂದಲು ಧೂಳು ಎಲ್ಲಾ ಬಂದುಬಿಡುತ್ತದೆ. ಒಣ ಪೊರಕೆ ನಿಲ್ಲಿಸಿದೆವು. ಡಾಕ್ಟರು ಬರೆದುಕೊಟ್ಟ ದಿನದ ಇನ್‌ಹೇಲರ್ ಒಂದು ಹೊತ್ತೂ ತಪ್ಪಿಸಲಿಲ್ಲ. ಪೀಕ್ ಫ್ಲೋ ಮೀಟರ್ ಅಂತ ಒಂದು ಕೊಳವೆ ಬರುತ್ತದೆ. ಜೋರಾಗಿ ಊದಿದರೆ ಉಸಿರಿನ ವೇಗ ತೋರಿಸುತ್ತದೆ. ದಿನಾ ಬೆಳಿಗ್ಗೆ ಸಂಜೆ ಊದಿ ಡೈರಿಯಲ್ಲಿ ಬರೆದೆ. ಮೂರನೇ ತಿಂಗಳಿಗೆ ನನ್ನ ಅತಿ ಹೆಚ್ಚಿನ ಅಂಕಿ 380ಕ್ಕೆ ಬಂತು. ಅದರ ಶೇಕಡಾ 80, ಅಂದರೆ 304ಕ್ಕಿಂತ ಕೆಳಗೆ ಇಳಿದರೆ ಪ್ರಯೋಗ ನಿಲ್ಲಿಸಿ ಬನ್ನಿ ಅಂದರು.

ಆಮೇಲೆ ನಾಯಿ ಹುಡುಕಾಟ. ಕೇಳಿದವರೆಲ್ಲ ತಳಿಯ ಹೆಸರೇ ಹೇಳುತ್ತಿದ್ದರು. ಶಿಟ್ಜು, ಪೂಡಲ್, ಮಾಲ್ಟೀಸ್, ಲಾಸಾ. ನಾನೂ ನಂಬಿದ್ದೆ. 2009ರಲ್ಲಿ ಒಬಾಮಾ ತಮ್ಮ ಮಗಳ ಅಲರ್ಜಿಗೆಂದೇ ಪೋರ್ಚುಗೀಸ್ ವಾಟರ್ ಡಾಗ್ ತಂದ ಸುದ್ದಿ ನೀವೂ ಓದಿರಬಹುದು. ಆದರೆ 2011ರಲ್ಲಿ ಅಮೆರಿಕದ ಡೆಟ್ರಾಯಿಟ್ ಕಡೆಯ ಮನೆಗಳ ಧೂಳು ಪರೀಕ್ಷಿಸಿದಾಗ, ಇಂಥ ತಳಿಗಳಿದ್ದ ಮನೆಗೂ ಬೇರೆ ನಾಯಿಗಳಿದ್ದ ಮನೆಗೂ ಅಲರ್ಜಿ ತರುವ ನಾಯಿ ಪ್ರೋಟೀನಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. 2012ರಲ್ಲಿ ನೆದರ್ಲೆಂಡ್ಸ್‌ನವರು ಕೂದಲನ್ನೇ ಪರೀಕ್ಷಿಸಿದರೆ, ಅಲರ್ಜಿ ಕೊಡಲ್ಲ ಅನ್ನುವ ತಳಿಗಳಲ್ಲೇ ಆ ಪ್ರೋಟೀನ್ ಜಾಸ್ತಿ ಸಿಕ್ಕಿತು. ಒಂದೇ ತಳಿಯ ನಾಯಿಗಳ ನಡುವೆಯೂ ತುಂಬಾ ಏರುಪೇರು ಇತ್ತು. ತೊಂದರೆ ಕೊಡುವುದು ಕೂದಲಲ್ಲ. ಎಂಜಲು, ಮೂತ್ರ ಮತ್ತು ಚರ್ಮದಿಂದ ಉದುರುವ ಹೊಟ್ಟಿನಲ್ಲಿರುವ ಪ್ರೋಟೀನು. ಕೂದಲು ಅದನ್ನು ಹೊತ್ತು ತಿರುಗುತ್ತದೆ.

ಚಿಕ್ಕ ನಾಯಿ ಅಂದರೆ ಚರ್ಮ ಕಡಿಮೆ, ಉದುರುವ ಹೊಟ್ಟೂ ಕಡಿಮೆ. ಅದು ನಿಜ. ಆದರೆ ಚಿಕ್ಕ ನಾಯಿಯನ್ನೇ ನಾವು ತೊಡೆ ಮೇಲೆ, ಹಾಸಿಗೆ ಮೇಲೆ ಹತ್ತಿಸಿಕೊಳ್ಳುವುದು. ಹಾಗೆ ಮಾಡಿದರೆ ಆ ಲಾಭ ಅಲ್ಲಿಗೇ ಹೋಯಿತು.

ಒಂದು ಅಂಗಡಿಯಲ್ಲಿ 35 ದಿನದ ಮರಿ ತೋರಿಸಿ "ಅಲರ್ಜಿ ಆಗಲ್ಲ, ಗ್ಯಾರಂಟಿ" ಅಂದರು. ತಾಯಿಯಿಂದ ಅಷ್ಟು ಬೇಗ ಬಿಡಿಸಿದ್ದು ನೋಡಿ ಹೊಟ್ಟೆ ಉರಿಯಿತು. ಎಂಟು ವಾರ ತುಂಬದ ಮರಿ ಮಾರಬಾರದು ಅಂತ 2017ರ ಕೇಂದ್ರ ನಿಯಮವೇ ಇದೆ. ಅಲ್ಲದೆ ಮರಿಯನ್ನು ಮುದ್ದಾಡಿ ಏನೂ ಆಗಲಿಲ್ಲ ಅಂದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಬೆಳೆದು ದೊಡ್ಡದಾದ ಮೇಲೆ ಅದೇ ನಾಯಿ ನನಗೆ ಹೇಗೆ ಅನ್ನುವುದು ಬೇರೆ ಮಾತು. ಹಾಗಾಗಿ ವರ್ಷ ದಾಟಿದ ನಾಯಿಯೇ ಬೇಕು ಅಂತ ತೀರ್ಮಾನಿಸಿದೆ.

ವಿಜಯನಗರದ ಒಂದು ಕುಟುಂಬ ವಿದೇಶಕ್ಕೆ ಹೊರಟಿತ್ತು. ಅವರ ಎರಡು ವರ್ಷದ ಗಂಡು ಲಾಸಾಗೆ ಮನೆ ಹುಡುಕುತ್ತಿದ್ದರು. ಮೊದಲ ದಿನ ಅವರ ಅಂಗಳದಲ್ಲಿ ಅರ್ಧ ಗಂಟೆ ಕೂತೆ. ಏನೂ ಆಗಲಿಲ್ಲ. ಎರಡನೇ ಸಲ ಕಿಟಕಿ ಮುಚ್ಚಿದ ರೂಮಿನಲ್ಲಿ ಒಂದು ಗಂಟೆ. ಮೂಗು ಕಟ್ಟಿತು, ಅಷ್ಟೇ. ಮೂರನೇ ಸಲ ಅದು ಮಲಗುವ ಟವೆಲ್ ಒಂದನ್ನು ತಂದು ಹಾಲ್‌ನಲ್ಲಿ ಇಟ್ಟೆ. ಈ ದಿನಗಳಲ್ಲಿ ಸೀನಿನ ಮಾತ್ರೆ ನುಂಗಲಿಲ್ಲ. ನುಂಗಿದರೆ ನಿಜ ಮುಚ್ಚಿಹೋಗುತ್ತದೆ. ದಿನದ ಇನ್‌ಹೇಲರ್ ಮಾತ್ರ ನಿಲ್ಲಿಸಲಿಲ್ಲ, ಯಾರೂ ನಿಲ್ಲಿಸಬಾರದು. ಎರಡನೇ ರಾತ್ರಿ ಊದಿದರೆ 290. ಟವೆಲನ್ನು ಕವರಿಗೆ ಹಾಕಿ ಕಟ್ಟಿ ಹೊರಗಿಟ್ಟೆ. ಮಗಳು ಏನೂ ಮಾತಾಡದೆ ರೂಮಿಗೆ ಹೋದಳು. ಅವತ್ತು ನನಗೂ ಊಟ ಸೇರಲಿಲ್ಲ.

ಆ ಡೈರಿ ತೆಗೆದುಕೊಂಡು ಮತ್ತೆ ಡಾಕ್ಟರ ಹತ್ತಿರ ಹೋದದ್ದೇ ಒಳ್ಳೆಯದಾಯಿತು. "ನಿಮ್ಮ ತಂಗಿ ಮನೆ ನಾಯಿ ಗಂಡೋ ಹೆಣ್ಣೋ?" ಅಂತ ಕೇಳಿದರು. ಗಂಡು. ಸಂತಾನಹರಣ ಮಾಡಿಸಿರಲಿಲ್ಲ. ಈ ಲಾಸಾ ಕೂಡ ಹಾಗೆಯೇ. ಆಗ ಅವರು ಇನ್ನೊಂದು ರಕ್ತ ಪರೀಕ್ಷೆ ಬರೆದರು. ನಾಯಿಯ ಅಲರ್ಜಿ ಪ್ರೋಟೀನುಗಳನ್ನು ಒಂದೊಂದಾಗಿ ಬಿಡಿಸಿ ನೋಡುವ ಪರೀಕ್ಷೆ. ಕ್ಯಾನ್ ಎಫ್ 1 ಅನ್ನುವುದು ಎಲ್ಲ ನಾಯಿಗಳಲ್ಲೂ ಇರುತ್ತದೆ. ಕ್ಯಾನ್ ಎಫ್ 5 ಗಂಡು ನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟುವಂಥದ್ದು. ಮೂತ್ರದಲ್ಲಿ ಬಂದು ಕೂದಲಿಗೆ ಅಂಟಿಕೊಳ್ಳುತ್ತದೆ. ಸ್ಯಾಂಪಲ್ ಬೆಂಗಳೂರಿಗೆ ಹೋಗಿ ರಿಪೋರ್ಟ್ ಬಂತು. ನನ್ನಲ್ಲಿ 5 ಜೋರಾಗಿತ್ತು, 1 ಸ್ವಲ್ಪವೇ. ಹೆಣ್ಣು ನಾಯಿ, ಇಲ್ಲದಿದ್ದರೆ ಸಂತಾನಹರಣ ಆದ ಗಂಡು ನಾಯಿ ನಿಮಗೆ ಒಗ್ಗಬಹುದು ಅಂದರು. ಎಲ್ಲರ ಮೈ ಹೀಗೇ ಇರುವುದಿಲ್ಲ. ಎಫ್ 1 ಜೋರಾಗಿರುವವರಿಗೆ ಹೆಣ್ಣು ಗಂಡು ಎರಡೂ ಒಂದೇ. ಆದರೆ ನಾಯಿ ಬೇಕು ಅನ್ನುವವರು ಈ ಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳಿಯೇ ಕೇಳಬೇಕು. ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ನಮ್ಮ ನಾಯಿ ರಾಗಿ ಸಿಕ್ಕಿದ್ದು ಬೋಗಾದಿಯಲ್ಲಿ. ಬೀದಿಯಲ್ಲಿ ಗಾಯವಾಗಿ ಬಿದ್ದ ನಾಯಿಗಳನ್ನು ಮನೆಯಲ್ಲಿಟ್ಟು ವಾಸಿ ಮಾಡಿ ದತ್ತು ಕೊಡುವ ಒಬ್ಬರು ಅಮ್ಮ ಇದ್ದಾರೆ. ಅವರ ಹತ್ತಿರ ಒಂದೂವರೆ ವರ್ಷದ ಹೆಣ್ಣು. ಗಿಡ್ಡ ಕಾಲು, ಕಂದು ಬಣ್ಣದ ಗಿಡ್ಡ ಕೂದಲು. ಡ್ಯಾಶ್‌ಹಂಡ್ ಬೆರಕೆ ಇರಬೇಕು. ಏಳು ಕೆಜಿ ತೂಕ. ಸಂತಾನಹರಣದ ಆಪರೇಷನ್, ರೇಬಿಸ್ ಲಸಿಕೆ ಎರಡೂ ಆಗಿತ್ತು. ಇಲ್ಲೂ ಅದೇ ಕ್ರಮ. ಅಂಗಳ, ರೂಮು, ಟವೆಲ್. ಅಂಕಿ 360ಕ್ಕಿಂತ ಕೆಳಗಿಳಿಯಲಿಲ್ಲ. ಆಮೇಲೆ ಮೂರು ವಾರ ನಮ್ಮ ಮನೆಯಲ್ಲಿ ಇಟ್ಟುಕೊಂಡು ನೋಡುವ ಒಪ್ಪಂದ. ಒಂದೆರಡು ಗಂಟೆಯಲ್ಲಿ ಕಾಣದ್ದು ಎರಡನೇ ವಾರದಲ್ಲಿ ಕಾಣಬಹುದು, ಪ್ರೋಟೀನು ಮನೆಯಲ್ಲಿ ನಿಧಾನಕ್ಕೆ ಸೇರಿಕೊಳ್ಳುತ್ತದೆ. "ಆಗದಿದ್ರೆ ಮುಜುಗರ ಪಡಬೇಡಮ್ಮ, ವಾಪಸ್ ಕರ್ಕೊಂಡು ಬಾ. ಇದು ಇವಳ ಮನೇನೇ" ಅಂದರು ಆ ಅಮ್ಮ. ಆ ಮಾತು ಇರದಿದ್ದರೆ ನಾನು ಧೈರ್ಯ ಮಾಡುತ್ತಿರಲಿಲ್ಲ. ನಮ್ಮಿಂದಾಗಿ ಒಂದು ಜೀವ ಮತ್ತೆ ಬೀದಿಗೆ ಬೀಳಬಾರದು.

ಈಗ ರಾಗಿ ಬಂದು ಹದಿನಾಲ್ಕು ತಿಂಗಳು. ನಮ್ಮ ಮಲಗುವ ಕೋಣೆಗೆ ಅವಳಿಗೆ ಪ್ರವೇಶ ಇಲ್ಲ. ಅದರ ಬಾಗಿಲು ಹಗಲೂ ಮುಚ್ಚಿರುತ್ತದೆ, ಒಳಗೆ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್‌ನ ಏರ್ ಪ್ಯೂರಿಫೈಯರ್ ಇದೆ. ಬಾಚುವುದು ನನ್ನ ಗಂಡ, ಹಿತ್ತಲಲ್ಲಿ. ವಾರಕ್ಕೊಂದು ಸ್ನಾನ. ಇನ್ನೂ ಜಾಸ್ತಿ ಮಾಡಿದರೆ ಅವಳ ಚರ್ಮ ಒಣಗುತ್ತದೆ ಅಂತ ಪಶುವೈದ್ಯರು ಹೇಳಿದ್ದರಿಂದ ಮಧ್ಯದಲ್ಲಿ ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತೇವೆ. ಅವಳು ನೆಕ್ಕಿದ ಕೈಯನ್ನು ತಕ್ಷಣ ಸೋಪು ಹಾಕಿ ತೊಳೆಯುತ್ತೇನೆ.

ಕಳೆದ ದಸರಾದಲ್ಲಿ ಮಾತ್ರ ಗಾಬರಿಯಾಯಿತು. ಮೂರು ದಿನ ಒಂದೇ ಸಮನೆ ಸೀನು, ಅಂಕಿ 320. "ನಾಯಿಯದೇ ಇದು" ಅಂದರು ಅತ್ತೆ. ಡೈರಿ ತೆಗೆದು ನೋಡಿದೆ. ಶುರುವಾಗಿದ್ದು ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸಿದ ದಿನ. ವರ್ಷವಿಡೀ ಹಳೇ ಸೀರೆ ತುಂಡು, ಪೇಪರಲ್ಲಿ ಸುತ್ತಿಟ್ಟ ಪಟ್ಟದ ಗೊಂಬೆಗಳನ್ನು ನಾನೇ ಬಿಚ್ಚಿದ್ದೆ. ಆ ಬಟ್ಟೆಗಳನ್ನೆಲ್ಲ ಒಗೆದು ಬಿಸಿಲಿಗೆ ಹಾಕಿದ ಮೇಲೆ ನಾಲ್ಕನೇ ದಿನ 370. ಅತ್ತೆಗೆ ಅಂಕಿ ತೋರಿಸಿದೆ. ಅವರು ರಾಗಿಯನ್ನು ಹತ್ತಿರ ಕರೆದು, ಗೊಂಬೆ ಮುಂದೆ ಇಟ್ಟಿದ್ದ ಚರ್ಪು, ಅಂದರೆ ಮಕ್ಕಳಿಗೆ ಹಂಚುವ ತಿಂಡಿ, ತೆಗೆದು ಒಂದು ಚೂರು ತೆಂಗಿನಕಾಯಿ ಕೊಟ್ಟರು. ಈ ಸಲ ಗೊಂಬೆ ಬಿಚ್ಚುವ ಕೆಲಸ ಮಗಳದ್ದು, ಅದೂ ಹಿತ್ತಲಲ್ಲಿ ಅಂತ ತೀರ್ಮಾನವಾಗಿದೆ.