ದೂರದ ರೌಟರ್‌ಗೆ ಕನ್ಸೋಲ್ ದಾರಿ ಇಟ್ಟುಕೊಳ್ಳಿ

ಬ್ರಾಂಚ್ ಆಫೀಸುಗಳ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಒಂದು ಮಾತು. ಬೆಂಗಳೂರಿನಲ್ಲಿ ಕೂತು ಹುಬ್ಬಳ್ಳಿಯ ಸಿಸ್ಕೋ ರೌಟರ್‌ಗೆ ಹೊಸ ಐಒಎಸ್ (ರೌಟರ್ ನಡೆಸುವ ಸಾಫ್ಟ್‌ವೇರ್) ಹಾಕಿದ್ದೆ. ಯಾವ ಫೈಲಿನಿಂದ ಶುರುವಾಗಬೇಕೆಂದು ಹೇಳುವ ಬೂಟ್ ಸಾಲಿನಲ್ಲಿ ಫೈಲ್ ಹೆಸರು ತಪ್ಪು ಬರೆದಿದ್ದೆ. ರೀಬೂಟ್ ಆದ ರೌಟರ್ ಐಒಎಸ್ ಸಿಗದೆ, ರೊಮ್ಮನ್ (ROMMON) ಎಂಬ ಆರಂಭಿಕ ಹಂತದ ಪ್ರಾಂಪ್ಟ್‌ನಲ್ಲೇ ನಿಂತಿತು. ಅಲ್ಲಿಗೆ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ದೂರದಿಂದ ಲಾಗಿನ್) ತಲುಪುವುದಿಲ್ಲ, ಡಬ್ಬಿಗೆ ನೇರವಾಗಿ ಕೇಬಲ್ ಚುಚ್ಚುವ ಕನ್ಸೋಲ್ ಪೋರ್ಟ್ ಒಂದೇ ದಾರಿ. ರಾತ್ರಿ ಬಸ್ಸಿಗೆ ಹೋಗಬೇಕಾಯಿತು.

ಆಮೇಲೆ ಅಲ್ಲಿ 8 ಪೋರ್ಟಿನ ಕನ್ಸೋಲ್ ಸರ್ವರ್ ಇಟ್ಟೆವು; ಸಾಧನಗಳ ಕನ್ಸೋಲ್ ಪೋರ್ಟ್‌ಗಳನ್ನು ದೂರದಿಂದಲೇ ತಲುಪಲು ಬಿಡುವ ಡಬ್ಬಿ ಅದು. ಮುಖ್ಯವಾದದ್ದು ಇಷ್ಟು: ಅದಕ್ಕೆ ಬೇರೆಯದೇ ಲೈನ್ ಕೊಡಿ, 4ಜಿ ಸಿಮ್ ಆದರೂ ಸಾಕು. ಅದೇ ರೌಟರ್‌ನ ಹಿಂದೆ ಕಟ್ಟಿದರೆ ರೌಟರ್ ಬಿದ್ದಾಗ ಅದೂ ಸಿಗುವುದಿಲ್ಲ. ಆ ಸಿಮ್‌ನ ಐಪಿಯನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆದಿಡಬೇಡಿ, ವಿಪಿಎನ್ ಮೂಲಕವೇ ಹೋಗಿ.

ಸಿಸ್ಕೋ ಕನ್ಸೋಲ್ ಪೋರ್ಟಿನ ಸೆಟ್ಟಿಂಗ್ ಸಾಮಾನ್ಯವಾಗಿ 9600 ಬಾಡ್ (ಡೇಟಾ ಹರಿಯುವ ವೇಗ), 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಪರದೆಯ ಮೇಲೆ ಕಸದಂಥ ಅಕ್ಷರ ಬಂದರೆ ಮೊದಲು ಬಾಡ್ ರೇಟ್ ನೋಡಿ. ಏನೂ ಬಾರದಿದ್ದರೆ ಕೇಬಲ್ ನೋಡಿ. ಆರ್‌ಜೆ45 ಇದೆಯೆಂದು ಮಾಮೂಲಿ ಲ್ಯಾನ್ ಕೇಬಲ್ ಚುಚ್ಚಿರುತ್ತಾರೆ, ಎಷ್ಟೋ ಕಡೆ ರೋಲ್‌ಓವರ್ (ಒಂದು ತುದಿಯಲ್ಲಿ ತಂತಿಗಳ ಕ್ರಮ ತಿರುಗಿಸಿದ) ಕೇಬಲ್ ಬೇಕು. ಕನ್ಸೋಲ್ ಸರ್ವರಿನ ಪೋರ್ಟ್‌ಗಳಿಗೆ "ಪೋರ್ಟ್ 3" ಎನ್ನುವ ಬದಲು "ಹುಬ್ಬಳ್ಳಿ ಕೋರ್ ಸ್ವಿಚ್" ಎಂದೇ ಹೆಸರಿಡಿ. ಅರ್ಧರಾತ್ರಿಯಲ್ಲಿ ತಪ್ಪು ಡಬ್ಬಿ ರೀಬೂಟ್ ಆಗುವುದು ತಪ್ಪುತ್ತದೆ.

ಇನ್ನೊಂದು, ದಯವಿಟ್ಟು ಮರೆಯಬೇಡಿ: ಕೆಲಸ ಮುಗಿದ ಮೇಲೆ ವಿಂಡೋ ಮುಚ್ಚಿದರೆ ಸಾಲದು. ಕನ್ಸೋಲಿನ ಸೀರಿಯಲ್ ಸೆಷನ್ ಎನೇಬಲ್ ಮೋಡ್‌ನಲ್ಲೇ (ಎಲ್ಲ ಆಜ್ಞೆಗಳಿಗೂ ಅಧಿಕಾರವಿರುವ ಸ್ಥಿತಿ) ಉಳಿಯಬಹುದು. ಮುಂದೆ ಆ ಪೋರ್ಟಿಗೆ ಬಂದವರಿಗೆ ಪಾಸ್‌ವರ್ಡ್ ಇಲ್ಲದೆ ಎಲ್ಲ ಅಧಿಕಾರ ಸಿಗುತ್ತದೆ. ಲಾಗ್‌ಔಟ್ ಮಾಡಿ, ಕನ್ಸೋಲ್ ಲೈನಿಗೆ 5 ನಿಮಿಷದ ಎಕ್ಸೆಕ್ ಟೈಮ್‌ಔಟ್ (ಸುಮ್ಮನಿದ್ದರೆ ತಾನೇ ಲಾಗ್‌ಔಟ್ ಆಗುವ ಸೆಟ್ಟಿಂಗ್) ಕೂಡ ಹಾಕಿಡಿ.