ತಿರುಗುವಾಗ ಬೇಕಂತಲೇ ನಿಧಾನ ಮಾಡಿದರೆ ನಡಿಗೆಗೆ ಏನಾಗುತ್ತದೆ? ನೀವೇ ಪರೀಕ್ಷಿಸಿ

'ನಿಧಾನಕ್ಕೆ ತಿರುಗಿ, ಬಿದ್ದೀರಿ' ಅಂತ ವಯಸ್ಸಾದವರಿಗೆ ನಾವೆಲ್ಲ ಹೇಳುತ್ತೇವೆ ಅಲ್ವಾ? ಮಾತು ಸರಿಯೇ. ಆದರೆ ವೇಗ ಇಳಿದ ಕೂಡಲೇ ನಡಿಗೆಯ ರೀತಿಯೂ ಬದಲಾಗುತ್ತದೆ. ಅದು ಗೊತ್ತಿದ್ದರೆ ಎಲ್ಲಿ ನಿಧಾನ ಮಾಡಬೇಕು ಎನ್ನುವುದೂ ತಿಳಿಯುತ್ತದೆ.

ಜಾರದ, ಸಮತಟ್ಟಾದ ನೆಲ ಆರಿಸಿ. 3 ಮೀಟರ್ ಅಂತರದಲ್ಲಿ ಎರಡು ಗುರುತು ಹಾಕಿ. ಕುರ್ಚಿಯಿಂದ ಎದ್ದು ಇಷ್ಟೇ ದೂರ ನಡೆದು, ತಿರುಗಿ ಬಂದು ಕೂರುವ ಪರೀಕ್ಷೆಯೊಂದು 1991ರಿಂದ ಬಳಕೆಯಲ್ಲಿದೆ. ಇಡೀ ಮೈ ಕಾಣುವಂತೆ ಮೊಬೈಲ್ ಇಟ್ಟು ವಿಡಿಯೊ ಮಾಡಿ.

ಮೊದಲು ಮಾಮೂಲಿ ವೇಗದಲ್ಲಿ ಹೋಗಿ, ತಿರುಗಿ ಬನ್ನಿ. ಕ್ಯಾಮೆರಾ ಮುಂದೆ ಮೈ ಬಿಗಿಯಾಗುತ್ತದೆ, ಹಾಗಾಗಿ ಮೂರ್ನಾಲ್ಕು ಸಲ ನಡೆಯಿರಿ. ಆಮೇಲೆ ಸುಮಾರು ಅರ್ಧ ವೇಗದಲ್ಲಿ ಅದನ್ನೇ ಮಾಡಿ.

ಈಗ ಎರಡೂ ವಿಡಿಯೊ ನೋಡಿ. ತಿರುವಿನಲ್ಲಿ ಎಷ್ಟು ಹೆಜ್ಜೆ ಬಿತ್ತು ಎಣಿಸಿ. ನಿಧಾನವಾದಾಗ ಹೆಜ್ಜೆ ಗಿಡ್ಡವಾಗುತ್ತದೆ, ಸಾಮಾನ್ಯವಾಗಿ ಸಂಖ್ಯೆಯೂ ಜಾಸ್ತಿಯಾಗುತ್ತದೆ.

ಮುಂದಿನದನ್ನು ಗಮನವಿಟ್ಟು ನೋಡಿ. ಮಾಮೂಲಿ ತಿರುವಿನಲ್ಲಿ ಮೊದಲು ಕಣ್ಣು, ತಲೆ, ಆಮೇಲೆ ಭುಜ, ಸೊಂಟ, ಪಾದ ಹೀಗೆ ಒಂದರ ಹಿಂದೆ ಒಂದು ತಿರುಗುತ್ತವೆ. ತುಂಬಾ ನಿಧಾನವಾದಾಗ ಈ ಅಂತರ ಕಡಿಮೆಯಾಗಿ, ಮೈಯೆಲ್ಲ ಒಂದೇ ಹಲಗೆಯ ಹಾಗೆ ತಿರುಗುವುದುಂಟು. ಪಾರ್ಕಿನ್ಸನ್ ಕಾಯಿಲೆಯಲ್ಲೂ ಇಂಥ ತಿರುಗುವಿಕೆ ಕಾಣುತ್ತದೆ. ಆದರೆ ಬರೀ ನಿಧಾನದಿಂದಲೂ ಹೀಗಾಗುವುದರಿಂದ ಇಷ್ಟನ್ನೇ ನೋಡಿ ಕಾಯಿಲೆ ಅಂತ ಹೆದರಬೇಡಿ. ನಿಧಾನವಾಗಿ ನಡೆಯುವವರನ್ನು ವೇಗವಾಗಿ ನಡೆಯುವವರ ಜೊತೆ ಹೋಲಿಸುವುದೇ ತಪ್ಪು. ಒಂದೇ ವೇಗದಲ್ಲಿ ಹೋಲಿಸಬೇಕು.

ಮೈ ವಾಲುವುದನ್ನೂ ನೋಡಿ. ಸೆಕೆಂಡಿಗೆ 1.2 ಮೀಟರ್ ವೇಗದಲ್ಲಿ, 1 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೆ ಮೈ ಸುಮಾರು 8 ಡಿಗ್ರಿ ಒಳಕ್ಕೆ ವಾಲಬೇಕಾಗುತ್ತದೆ. ವೇಗ ಅರ್ಧವಾದರೆ 2 ಡಿಗ್ರಿ ಸಾಕು. ಈ ಲೆಕ್ಕದಲ್ಲಿ ನಿಧಾನವೇ ಒಳ್ಳೆಯದು.

ಆದರೆ ಒಂಟಿ ಕಾಲಿನ ಲೆಕ್ಕ ಬೇರೆ. ನಿಧಾನವಾದಷ್ಟೂ ಎರಡೂ ಪಾದ ನೆಲದ ಮೇಲಿರುವ ಹೊತ್ತು ಹೆಚ್ಚುತ್ತದೆ, ಅದು ಆಸರೆಯೇ. ಜೊತೆಗೆ ಪ್ರತಿ ಹೆಜ್ಜೆಗೂ ಒಂದೇ ಕಾಲಿನ ಮೇಲೆ ನಿಲ್ಲುವ ಹೊತ್ತೂ ಹೆಚ್ಚುತ್ತದೆ. ಮೈ ಅಕ್ಕಪಕ್ಕ ತೂಗಾಡುವುದು ಅದಕ್ಕೇ. ಅತಿ ನಿಧಾನ ಸುರಕ್ಷಿತ ಅಂದುಕೊಳ್ಳಬೇಡಿ.

ಹಾಗಾದರೆ ಹೇಗೆ ತಿರುಗುವುದು? ತಿರುವಿಗೆ ಎರಡು ಮೂರು ಹೆಜ್ಜೆ ಮೊದಲೇ ವೇಗ ಇಳಿಸಿ. ತಿರುವಿನ ನಡುವೆ ಗಕ್ಕನೆ ನಿಲ್ಲಬೇಡಿ. ಹೋಗುವ ಕಡೆಗೆ ಮೊದಲು ಕಣ್ಣು, ತಲೆ ಹೊರಳಿಸಿ. ಜಾಗವಿದ್ದರೆ ಅಗಲವಾಗಿ ಸುತ್ತಿ ಬನ್ನಿ. ಎಡಕ್ಕೆ ತಿರುಗುವುದಾದರೆ ಬಲಗಾಲು ಮುಂದಿರುವಾಗ ಶುರು ಮಾಡಿ. ಆಗ ಎಡಗಾಲು ಹೊರಕ್ಕೆ ಬಿದ್ದು ಪಾದಗಳ ನಡುವೆ ಅಗಲ ಸಿಗುತ್ತದೆ. ಎಡಗಾಲು ಮುಂದಿದ್ದರೆ ಅದರ ಮೇಲೇ ಗಿರಕಿ ಹೊಡೆಯಬೇಕು, ಬಲಗಾಲು ಅಡ್ಡ ಬರುತ್ತದೆ, ತೊಡರುವುದು ಸುಲಭ. ತಿರುಗುವಾಗ ಬಿದ್ದವರು ಹೆಚ್ಚಾಗಿ ಪಕ್ಕಕ್ಕೆ ಬೀಳುತ್ತಾರೆ, ಏಟು ನೇರ ಸೊಂಟದ ಮೂಳೆಗೆ. ಈ ಒಂದು ಅಭ್ಯಾಸ ದಯವಿಟ್ಟು ಮಾಡಿಕೊಳ್ಳಿ.

ಹಿಂದೆ ಬಿದ್ದವರು, ತಲೆಸುತ್ತು ಇರುವವರು ಒಬ್ಬರೇ ಇದನ್ನೆಲ್ಲ ಮಾಡಬಾರದು. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಮಾಮೂಲಿ ವೇಗದಲ್ಲೂ ತಿರುಗಲು ಪುಟ್ಟ ಪುಟ್ಟ ಹೆಜ್ಜೆಗಳು ಬೇಕಾದರೆ, ಅಥವಾ ಪಾದ ನೆಲಕ್ಕೆ ಅಂಟಿಕೊಂಡಂತೆ ಅನಿಸಿದರೆ, ಆ ವಿಡಿಯೊವನ್ನು ವೈದ್ಯರಿಗೆ ತೋರಿಸಿ.